ಪ್ರೆಷರ್ ವಾಷರ್ ಹೋಸನ್ನು ಪರೀಕ್ಷಿಸಿ ಅಳೆಯುವ ಬಗೆ

ಒತ್ತಡದ ನೀರಿನಿಂದ ತೊಳೆಯುವ ಯಂತ್ರವಾದ ಪ್ರೆಷರ್ ವಾಷರ್ ಕೊಳ್ಳುವಾಗ ಮೋಟಾರಿನ ಶಕ್ತಿ, ಪಂಪಿನ ಒತ್ತಡ, ಜೊತೆಗೆ ಬರುವ ನಾಝಲ್‌ಗಳು ಎಲ್ಲವನ್ನೂ ವಿಚಾರಿಸುವವರು ಹೋಸಿನ ವಿಷಯಕ್ಕೆ ಬಂದಾಗ ಅದರ ಉದ್ದವನ್ನಷ್ಟೇ ಕೇಳಿ ಸುಮ್ಮನಾಗುತ್ತಾರೆ. ಆದರೆ ಪಂಪು ಹುಟ್ಟಿಸಿದ ಅಷ್ಟೂ ಒತ್ತಡವನ್ನು ಒಡಲಲ್ಲಿಟ್ಟುಕೊಂಡು, ಒರಟು ನೆಲದ ಮೇಲೆ ಎಳೆಸಿಕೊಂಡು, ಕೆಲಸ ಮಾಡುವವರ ಕಾಲಿನ ಪಕ್ಕದಲ್ಲೇ ಬಿದ್ದಿರುವುದು ಹೋಸು. ಹೊಸದನ್ನು ಒಪ್ಪಿಕೊಳ್ಳುವ ಮುನ್ನ ಆಗಲಿ, ಹಳೆಯದನ್ನು ಇನ್ನೊಂದು ವರ್ಷ ಬಳಸಲು ತೀರ್ಮಾನಿಸುವ ಮುನ್ನ ಆಗಲಿ, ಅದಕ್ಕಾಗಿ ಒಂದು ಗಂಟೆ ಎತ್ತಿಡುವುದು ಹೆಚ್ಚೇನಲ್ಲ.

ಹೋಸು ಎಷ್ಟು ಒತ್ತಡಕ್ಕೆ ಒಡೆಯುತ್ತದೆ ಎಂಬ ಸಂಖ್ಯೆಯಿಂದ ಅದರ ಯೋಗ್ಯತೆ ತಿಳಿಯುವುದಿಲ್ಲ ಎಂಬುದು ಹಲವು ಹೋಸುಗಳನ್ನು ಬಳಸಿ ಬಿಟ್ಟ ಮೇಲೆ ನನಗೆ ಬಂದಿರುವ ಅಭಿಪ್ರಾಯ. ದಿನನಿತ್ಯದ ಒತ್ತಡದಲ್ಲಿ ಅದು ಹೇಗೆ ನಡೆದುಕೊಳ್ಳುತ್ತದೆ, ಅದರಲ್ಲೂ ಎರಡು ತುದಿಗಳ ಕಪ್ಲಿಂಗ್ (ಜೋಡಣೆಯ ಲೋಹದ ಭಾಗ) ಪಕ್ಕದ ಒಂದು ಗೇಣು ಜಾಗ ಹೇಗೆ ನಡೆದುಕೊಳ್ಳುತ್ತದೆ ಎಂಬುದೇ ಮುಖ್ಯ. ಹೋಸು ಅತಿ ಹೆಚ್ಚು ಬಾಗುವುದು, ತಿರುಚಿಕೊಳ್ಳುವುದು, ಜಗ್ಗಿಸಿಕೊಳ್ಳುವುದು ಅಲ್ಲೇ. ಕೆಡಲು ತೊಡಗುವುದೂ ಹೆಚ್ಚಾಗಿ ಅಲ್ಲೇ. ಆದ್ದರಿಂದ ಈ ಪರೀಕ್ಷೆಯ ಬಹುಪಾಲು ಸಮಯ ಆ ಎರಡು ಗೇಣುಗಳಿಗೆ ಮೀಸಲು.

ಮೊದಲು ಕೈಗೆ ಸಂಬಂಧಿಸಿದ ಎಚ್ಚರಿಕೆ

ಒತ್ತಡದಲ್ಲಿರುವ ಹೋಸಿನ ಮೇಲೆ ಕೈ ಸವರಿ ಸೋರಿಕೆಯನ್ನು ಹುಡುಕಬಾರದು. ಸೂಜಿಮೊನೆಯಷ್ಟು ರಂಧ್ರದಿಂದ ಹೊರಡುವ ನೀರಿನ ಎಳೆ ಕಣ್ಣಿಗೆ ಕಾಣದಿದ್ದರೂ ಚರ್ಮವನ್ನು ತೂರಿ ಒಳಗೆ ಹೋಗಬಲ್ಲದು. ಸುಮಾರು 7 ಬಾರ್ ಒತ್ತಡದಲ್ಲೇ ಇದು ಸಾಧ್ಯ ಎಂದು ಹೈಡ್ರಾಲಿಕ್ ಕೆಲಸಗಾರರಿಗೆ ಮೊದಲ ಪಾಠದಲ್ಲೇ ಹೇಳುತ್ತಾರೆ. ಮನೆಬಳಕೆಯ ಸಾಮಾನ್ಯ ಪ್ರೆಷರ್ ವಾಷರ್‌ಗಳಲ್ಲಿ ಇರುವುದು 100ರಿಂದ 150 ಬಾರ್. ಇಂಥ ಗಾಯ ಹೊರಗಿನಿಂದ ಸೊಳ್ಳೆ ಕಚ್ಚಿದಷ್ಟೇ ಕಂಡರೂ ಒಳಗಿನ ಹಾನಿ ಬಹಳ ದೊಡ್ಡದಿರುತ್ತದೆ. ನೋವಿಲ್ಲವೆಂದು ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು ಮತ್ತು ಒತ್ತಡದ ನೀರು ಒಳಹೊಕ್ಕ ಗಾಯವೆಂದು ವೈದ್ಯರಿಗೆ ಸ್ಪಷ್ಟವಾಗಿ ಹೇಳಬೇಕು. ಸಾಧಾರಣ ಕೈಗವಸು ಇದನ್ನು ತಡೆಯುವುದಿಲ್ಲ. ಸೋರಿಕೆ ಹುಡುಕಲು ಒಂದು ಉದ್ದನೆಯ ರಟ್ಟಿನ ತುಂಡನ್ನು ಹೋಸಿನ ಪಕ್ಕದಲ್ಲಿ ಹಿಡಿದು ನಿಧಾನವಾಗಿ ಸರಿಸಬೇಕು. ರಟ್ಟು ಎಲ್ಲಿ ಒದ್ದೆಯಾಗುತ್ತದೆಯೋ ಅಲ್ಲಿ ತೂತು ಇದೆ.

ಗಾಳಿ ತುಂಬಿಸಿ ಪರೀಕ್ಷಿಸುವ ಯೋಚನೆಯನ್ನೂ ಬಿಟ್ಟುಬಿಡಬೇಕು. ನೀರು ಹೆಚ್ಚುಕಡಿಮೆ ಕುಗ್ಗುವುದಿಲ್ಲ, ಆದ್ದರಿಂದ ಹೋಸು ಒಡೆದರೂ ಒತ್ತಡ ಕ್ಷಣಾರ್ಧದಲ್ಲಿ ಇಳಿದುಹೋಗುತ್ತದೆ. ಕುಗ್ಗಿಸಿಟ್ಟ ಗಾಳಿಯಾದರೋ ಸ್ಪ್ರಿಂಗಿನಂತೆ ತನ್ನೊಳಗೆ ಶಕ್ತಿಯನ್ನು ಕೂಡಿಟ್ಟುಕೊಂಡಿರುತ್ತದೆ, ಒಡೆದಾಗ ತುದಿಯ ಲೋಹದ ಭಾಗವನ್ನು ಗುಂಡಿನಂತೆ ಎಸೆಯುತ್ತದೆ.

ಬೇಕಾಗುವ ಸಾಮಾನು ಹೆಚ್ಚಿಲ್ಲ: ಕಣ್ಣಿಗೆ ಕನ್ನಡಕ, ಮುಚ್ಚಿದ ಗಟ್ಟಿ ಶೂ, ಅಳತೆಯ ಟೇಪು, ಬಿಳಿ ಬಣ್ಣದ ಪೆನ್ನು, ರಟ್ಟು, ಒಣಬಟ್ಟೆ, 10 ಲೀಟರಿನ ಅಳತೆ ತಿಳಿದಿರುವ ಬಕೆಟ್ಟು, ಸೆಕೆಂಡು ತೋರಿಸುವ ಗಡಿಯಾರ. ಒತ್ತಡದ ಗೇಜು ಸಿಕ್ಕರೆ ಪರೀಕ್ಷೆಯ ಮೌಲ್ಯ ಇಮ್ಮಡಿಯಾಗುತ್ತದೆ. ಅದರ ಮುಳ್ಳು ಮಾಮೂಲಿ ಒತ್ತಡದಲ್ಲಿ ಬಿಲ್ಲೆಯ ನಡುಭಾಗದಲ್ಲಿ ನಿಲ್ಲುವಂತಿರಲಿ. 130 ಬಾರ್ ಯಂತ್ರಕ್ಕೆ 250 ಬಾರ್ ಗೇಜು ಸರಿಹೋಗುತ್ತದೆ. ಪಂಪಿನ ಮಿಡಿತಕ್ಕೆ ಮುಳ್ಳು ಅದುರದಂತೆ ಒಳಗೆ ದ್ರವ ತುಂಬಿದ ಗೇಜನ್ನೇ ಆರಿಸಿಕೊಳ್ಳಿ.

ಹೋಸಿನ ಮೈಮೇಲಿನ ಬರಹ

ಒಳ್ಳೆಯ ಹೋಸಿನ ಮೈಮೇಲೆ ಉದ್ದಕ್ಕೂ ಮತ್ತೆ ಮತ್ತೆ ಅಚ್ಚಾಗಿರುವ ಒಂದು ಸಾಲು ಇರುತ್ತದೆ. ಕೆಲಸದ ಗರಿಷ್ಠ ಒತ್ತಡ, ಒಳವ್ಯಾಸ, ತಾಳುವ ಉಷ್ಣತೆ, ಹಲವು ಬಾರಿ ತಯಾರಾದ ವರ್ಷ ಮತ್ತು ತ್ರೈಮಾಸಿಕ ಕೂಡ ಅದರಲ್ಲಿರುತ್ತವೆ. ಒತ್ತಡವನ್ನು ಬಾರ್, ಪಿಎಸ್‌ಐ ಅಥವಾ ಮೆಗಾಪಾಸ್ಕಲ್‌ನಲ್ಲಿ ಹೇಳುವುದರಿಂದ ಹೋಲಿಸುವ ಮುನ್ನ ಒಂದೇ ಮಾನಕ್ಕೆ ತಂದುಕೊಳ್ಳಬೇಕು: 1 ಬಾರ್ ಎಂದರೆ ಸುಮಾರು 14.5 ಪಿಎಸ್‌ಐ, 1 ಮೆಗಾಪಾಸ್ಕಲ್ ಎಂದರೆ 10 ಬಾರ್. ಈ ಬರಹವೇ ಇಲ್ಲದ ಹೋಸು ಎಷ್ಟೇ ದಪ್ಪಗಿದ್ದರೂ ನಾನು ಅದನ್ನು ಯಂತ್ರಕ್ಕೆ ಜೋಡಿಸುವುದಿಲ್ಲ.

ಒಡೆಯುವ ಒತ್ತಡವೇ ಬೇರೆ, ಕೆಲಸದ ಒತ್ತಡವೇ ಬೇರೆ ಎಂಬುದನ್ನು ಮರೆಯಬಾರದು. ಹೈಡ್ರಾಲಿಕ್ ಹೋಸುಗಳಲ್ಲಿ ಒಡೆಯುವ ಒತ್ತಡವು ಕೆಲಸದ ಒತ್ತಡದ ನಾಲ್ಕು ಪಟ್ಟು ಇರುವುದು ವಾಡಿಕೆ. ತೊಳೆಯುವ ಯಂತ್ರಗಳ ಹೋಸುಗಳಲ್ಲಿ ಅದಕ್ಕಿಂತ ಕಡಿಮೆ ಅಂತರ ಇಟ್ಟಿರುವುದೂ ಉಂಟು. ಆದ್ದರಿಂದ ದೊಡ್ಡ ಅಕ್ಷರದಲ್ಲಿ ಒಂದು ದೊಡ್ಡ ಸಂಖ್ಯೆ ಮಾತ್ರ ಬರೆದಿದ್ದರೆ ಅದು ಯಾವುದರ ಸಂಖ್ಯೆ ಎಂದು ಕೇಳಿ ಖಚಿತಪಡಿಸಿಕೊಳ್ಳದೆ ಮುಂದುವರಿಯಬೇಡಿ. ಹೋಲಿಸಬೇಕಾದದ್ದು ಯಂತ್ರದ ಫಲಕದಲ್ಲಿರುವ ಗರಿಷ್ಠ ಅನುಮತಿತ ಒತ್ತಡದೊಂದಿಗೆ. ಏಕೆಂದರೆ ಗನ್ನಿನ (ನೀರು ಚಿಮ್ಮಿಸುವ ಹಿಡಿಕೆಯ) ಟ್ರಿಗರ್ ಬಿಟ್ಟ ಕ್ಷಣ, ಅನ್‌ಲೋಡರ್ ವಾಲ್ವ್ ನೀರನ್ನು ಹಿಂದಕ್ಕೆ ತಿರುಗಿಸುವ ಮೊದಲು, ಹೋಸಿನೊಳಗಿನ ಒತ್ತಡ ಮಾಮೂಲಿಗಿಂತ ಮೇಲಕ್ಕೆ ಚಿಮ್ಮುತ್ತದೆ. ದಿನಕ್ಕೆ ನೂರು ಸಲ ಟ್ರಿಗರ್ ಬಿಟ್ಟರೆ ನೂರು ಪೆಟ್ಟು. ಇನ್ನೊಂದು ಮಾತು, ಹೋಸು 275 ಬಾರ್ ತಾಳುವುದಾದರೂ ಅದರ ತುದಿಗೆ ಹಾಕಿದ ಕ್ವಿಕ್ ಕಪ್ಲಿಂಗ್ ತಾಳುವುದು 200 ಬಾರ್ ಆಗಿದ್ದರೆ, ಆ ಜೋಡಣೆಯ ಮಿತಿ 200 ಬಾರ್ ಎಂದೇ ಲೆಕ್ಕ.

ಒಣ ಪರೀಕ್ಷೆ: ಕಣ್ಣು ಮತ್ತು ಬೆರಳು

ಹೋಸನ್ನು ಯಂತ್ರದಿಂದ ಬಿಡಿಸಿ, ಒರೆಸಿ, ಹಗಲು ಬೆಳಕಿನಲ್ಲಿ ನೇರವಾಗಿ ಹಾಸಿ. ಒತ್ತಡವಿಲ್ಲದ ಈ ಸ್ಥಿತಿಯಲ್ಲಿ ಕೈ ಸವರುವುದು ಸುರಕ್ಷಿತ ಮಾತ್ರವಲ್ಲ, ಅಗತ್ಯ ಕೂಡ. ಸಾಮಾನ್ಯವಾಗಿ ಹೋಸಿನಲ್ಲಿ ಮೂರು ಪದರಗಳಿರುತ್ತವೆ: ನೀರನ್ನು ಹಿಡಿದಿಡುವ ಒಳಕೊಳವೆ, ಒತ್ತಡವನ್ನು ತಾಳುವ ಹೆಣೆದ ಬಲೆ, ಈ ಬಲೆಯನ್ನು ಉಜ್ಜು ಮತ್ತು ತೇವದಿಂದ ಕಾಯುವ ಹೊರಕವಚ. ಬಲೆ ಉಕ್ಕಿನ ತಂತಿಯದ್ದಿರಬಹುದು, ಪಾಲಿಯೆಸ್ಟರ್ ನೂಲಿನದ್ದಿರಬಹುದು. ಹೊರಕವಚದ ಮೇಲಿನ ಗೀರು ತಾನಾಗಿ ಅಪಾಯವಲ್ಲ. ಗೀರಿನ ತಳದಲ್ಲಿ ಬಲೆ ಕಾಣಿಸಿದರೆ ಅದು ಅಪಾಯ. ಉಕ್ಕಿನ ತಂತಿಯಾಗಿದ್ದರೆ ಅಲ್ಲಿಂದ ನೀರು ಒಳಸೇರಿ ತುಕ್ಕು ಹಿಡಿಯುತ್ತದೆ, ತುಕ್ಕು ಕವಚದ ಅಡಿಯಲ್ಲೇ ಎರಡೂ ಕಡೆಗೆ ಹಬ್ಬುತ್ತದೆ, ಹೊರಗೆ ಕಾಣುವ ಗಾಯಕ್ಕಿಂತ ಒಳಗಿನ ಗಾಯ ಉದ್ದವಾಗಿರುತ್ತದೆ.

ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹೋಸನ್ನು ಹಿಡಿದು, ಮೆಲ್ಲಗೆ ಹೊರಳಿಸುತ್ತಾ ಒಂದು ತುದಿಯಿಂದ ಇನ್ನೊಂದಕ್ಕೆ ಸಾಗಿ. ಬೆರಳಿಗೆ ಸಿಗಬೇಕಾದ್ದು ಒಂದೇ ಸಮನಾದ ಗಟ್ಟಿತನ. ಎಲ್ಲೋ ಒಂದೆಡೆ ಮೆತ್ತಗೆ ಅನ್ನಿಸಿದರೆ, ಚಪ್ಪಟೆಯಾಗಿದ್ದರೆ, ಸಣ್ಣ ಉಬ್ಬು ತಾಕಿದರೆ ಅಲ್ಲಿ ಬಿಳಿ ಗುರುತು ಹಾಕಿ. ಬಿಸಿಲಲ್ಲಿ ಬಹಳ ಕಾಲ ಬಿದ್ದಿದ್ದ ಹೋಸನ್ನು ಬಾಗಿಸಿ ನೋಡಿದಾಗ ಹೊರಬಾಗಿನ ಮೇಲೆ ಕೂದಲೆಳೆಯ ಬಿರುಕುಗಳು ಅಡ್ಡಡ್ಡಲಾಗಿ ತೆರೆದುಕೊಳ್ಳುತ್ತವೆ; ನೇರವಾಗಿ ಹಾಸಿದಾಗ ಅವು ಕಾಣುವುದೇ ಇಲ್ಲ. ಹಿಂದೆ ಮಡಿಕೆ ಬಿದ್ದಿದ್ದ ಜಾಗ ಪ್ರತಿ ಸಲವೂ ಅಲ್ಲೇ ಮಡಚಿಕೊಳ್ಳಲು ನೋಡಿದರೆ ಅಲ್ಲಿನ ಬಲೆ ಆಗಲೇ ಮುರಿದಿದೆ ಎಂದು ತಿಳಿಯಬಹುದು.

ಈಗ ತುದಿಗಳಿಗೆ ಬನ್ನಿ. ಕಪ್ಲಿಂಗನ್ನು ಹೋಸಿಗೆ ಬಿಗಿಹಿಡಿದಿರುವ ಲೋಹದ ಬಳೆಯನ್ನು ಸುತ್ತಲೂ ನೋಡಿ. ಅದನ್ನು ಅದುಮಿದ ಗುರುತುಗಳು ಎಲ್ಲ ಬದಿಯಲ್ಲೂ ಒಂದೇ ಆಳದಲ್ಲಿರಬೇಕು, ಹೋಸು ಬಳೆಯೊಳಗೆ ನೇರವಾಗಿ ಕೂತಿರಬೇಕು. ನಾನು ಬಳಸುತ್ತಿದ್ದ ಒಂದು ಹೋಸಿನಲ್ಲಿ ಗನ್ ಕಡೆಯ ಬಳೆಯಿಂದ ಎರಡು ಬೆರಳು ದೂರದಲ್ಲಿ ಮಣಿಯಷ್ಟು ಚಿಕ್ಕ ಗುಳ್ಳೆಯೊಂದು ಎದ್ದಿತ್ತು. ಒತ್ತಿದರೆ ಒಳಗೆ ಹೋಗಿ, ಬಿಟ್ಟರೆ ಮತ್ತೆ ಮೇಲೆ ಬರುತ್ತಿತ್ತು. ಇನ್ನೂ ಕೆಲವು ದಿನ ನಡೆದೀತು ಎಂದುಕೊಂಡು ಕೆಲಸ ಮುಂದುವರಿಸಿದೆ. ಮೂರು ವಾರಗಳ ಬಳಿಕ ಟ್ರಿಗರ್ ಬಿಟ್ಟ ಕ್ಷಣದಲ್ಲಿ ಅದೇ ಜಾಗ ಸೀಳಿ, ನೀರು ನನ್ನ ಮುಂಗೈಗೆ ತಾಗುವಷ್ಟು ಹತ್ತಿರದಿಂದ ಹಾದು ಗೋಡೆಗೆ ಬಡಿಯಿತು. ಸೀಳನ್ನು ಕತ್ತರಿಸಿ ನೋಡಿದಾಗ ಒಳಕೊಳವೆಯಲ್ಲಿದ್ದ ಬಿರುಕಿನಿಂದ ನೀರು ಪದರಗಳ ನಡುವೆ ನುಸುಳಿ ಕವಚವನ್ನು ಎತ್ತುತ್ತಿದ್ದುದು ಸ್ಪಷ್ಟವಾಗಿತ್ತು. ಅಂದಿನಿಂದ ಗುಳ್ಳೆ ಕಂಡ ಹೋಸನ್ನು ಮುಂದಿನ ಹಂತಕ್ಕೆ ಒಯ್ಯುವುದೇ ಇಲ್ಲ.

ಕಪ್ಲಿಂಗ್ ವಿಷಯದಲ್ಲಿ ಹೊಸಬರು ಎಡವುವ ಜಾಗವೊಂದಿದೆ. ಎಂ22 ಎಂಬ ತಿರುಪಿನ ಜೋಡಣೆ ಹೊರಗಿನಿಂದ ಒಂದೇ ತೆರನಾಗಿ ಕಂಡರೂ ಒಳಗಿನ ನಳಿಕೆ 14 ಮಿಲಿಮೀಟರ್ ಮತ್ತು 15 ಮಿಲಿಮೀಟರ್ ಎಂಬ ಎರಡು ಅಳತೆಗಳಲ್ಲಿ ಬರುತ್ತದೆ. 14ರ ನಳಿಕೆ 15ರ ಗೂಡಿಗೆ ಸೇರುತ್ತದೆ, ತಿರುಪೂ ಬಿಗಿಯಾಗುತ್ತದೆ, ಆದರೆ ಸೋರದಂತೆ ತಡೆಯುವ ರಬ್ಬರ್ ಉಂಗುರ, ಅಂದರೆ ಓ-ರಿಂಗ್, ಮುಚ್ಚಿಕೊಳ್ಳದೆ ನೀರು ಸೋರುತ್ತದೆ. ಎಷ್ಟೋ ಹೊಸ ಹೋಸುಗಳು ಸೋರುತ್ತವೆಂಬ ದೂರಿಗೆ ಒಳಗಾಗುವುದು ಈ ಒಂದು ಮಿಲಿಮೀಟರಿನಿಂದಲೇ. ಓ-ರಿಂಗನ್ನು ಹೊರತೆಗೆದು ಚಪ್ಪಟೆಯಾಗಿದೆಯೇ, ಚೂರು ಕಿತ್ತಿದೆಯೇ ನೋಡಿ, ಅನುಮಾನವಿದ್ದರೆ ಬದಲಿಸಿ. ಹೋಸಿನ ತಪ್ಪನ್ನೂ ಓ-ರಿಂಗಿನ ತಪ್ಪನ್ನೂ ಬೇರೆ ಮಾಡದೆ ಪರೀಕ್ಷೆ ಮುಂದುವರಿಸಿದರೆ ಫಲಿತಾಂಶ ಕಲಸುಮೇಲೋಗರವಾಗುತ್ತದೆ.

ನಲ್ಲಿಯ ಒತ್ತಡದಲ್ಲಿ

ಹೋಸನ್ನು ಯಂತ್ರಕ್ಕೂ ಗನ್ನಿಗೂ ಜೋಡಿಸಿ, ನಾಝಲ್ ತೆಗೆದಿಟ್ಟು, ಮೋಟಾರು ಚಾಲೂ ಮಾಡದೆ ನಲ್ಲಿ ತೆರೆದು ಟ್ರಿಗರ್ ಒತ್ತಿಹಿಡಿಯಿರಿ. ಗುಳುಗುಳು ಸದ್ದು ನಿಂತು ನೀರು ಎಳೆ ಮುರಿಯದೆ ಬರುವವರೆಗೂ ಕಾಯಬೇಕು. ಒಳಗೆ ಉಳಿದ ಗಾಳಿಯೇ ಮುಂದಿನ ಹಂತದಲ್ಲಿ ಹೋಸು ಕುಪ್ಪಳಿಸಲು ಕಾರಣವಾಗುತ್ತದೆ. ಈಗಲೇ ಜೋಡಣೆಗಳಲ್ಲಿ ಹನಿ ಕಂಡರೆ ಸರಿಪಡಿಸಿಕೊಳ್ಳಿ.

ಪೂರ್ಣ ಒತ್ತಡದಲ್ಲಿ

ಮೋಟಾರು ಚಾಲೂ ಮಾಡುವ ಮುನ್ನ ಎರಡು ಗುರುತುಗಳನ್ನು ಹಾಕಬೇಕು. ಮೊದಲನೆಯದಾಗಿ, ಎರಡೂ ತುದಿಗಳಲ್ಲಿ ಲೋಹದ ಬಳೆಯಿಂದ ಹೋಸಿನ ಮೇಲಕ್ಕೆ ಹಾಯುವಂತೆ ಬಿಳಿ ಬಣ್ಣದ ಒಂದು ನೇರ ಗೆರೆ ಎಳೆಯಿರಿ, ಅದರ ಜೊತೆಗೆ ಬಳೆಯ ಅಂಚಿಗೆ ಹೊಂದಿಕೊಂಡು ಹೋಸಿನ ಸುತ್ತ ಒಂದು ತೆಳುಗೆರೆ ಬರೆಯಿರಿ. ಎರಡನೆಯದಾಗಿ, ಹೋಸಿನ ನಡುಭಾಗದಲ್ಲಿ ಸರಿಯಾಗಿ 1 ಮೀಟರ್ ಅಂತರದಲ್ಲಿ ಎರಡು ಗುರುತು ಹಾಕಿ. ಖರ್ಚಿಲ್ಲದ ಈ ಗೆರೆಗಳು ಗೇಜಿಗಿಂತ ಹೆಚ್ಚು ಹೇಳುತ್ತವೆ ಎಂಬುದು ನನ್ನ ಅನುಭವ.

ಹೋಸನ್ನು ಸುರುಳಿಯಲ್ಲಿ ಬಿಡದೆ ಪೂರ್ತಿ ಬಿಚ್ಚಿ ಹಾಸಿ, ಮಕ್ಕಳನ್ನೂ ಪ್ರಾಣಿಗಳನ್ನೂ ದೂರವಿಟ್ಟು, ಯಂತ್ರದ ಮಾಮೂಲಿ ನಾಝಲ್ ಹಾಕಿ ಚಾಲೂ ಮಾಡಿ. ಮೊದಲ ಎರಡು ನಿಮಿಷ ಟ್ರಿಗರ್ ಒತ್ತಿಹಿಡಿದು ನೀರು ಹರಿಯಬಿಡಿ. ಆಮೇಲೆ ಐದು ಸೆಕೆಂಡು ಒತ್ತಿ ಐದು ಸೆಕೆಂಡು ಬಿಡುವಂತೆ ಸುಮಾರು ಮೂವತ್ತು ಸಲ ಪುನರಾವರ್ತಿಸಿ. ದುರ್ಬಲ ಜಾಗ ಬಯಲಾಗುವುದು ಒಂದೇ ಸಮನೆ ಇರುವ ಒತ್ತಡಕ್ಕಿಂತ ಈ ಏರಿಳಿತದಲ್ಲಿ ಹೆಚ್ಚು. ಮತ್ತೊಬ್ಬರು ಜೊತೆಗಿದ್ದರೆ ಅವರು ಒಂದೆರಡು ಮೀಟರ್ ದೂರದಿಂದ ಹೋಸನ್ನು ಗಮನಿಸಲಿ: ಟ್ರಿಗರ್ ಬಿಟ್ಟಾಗ ಹೋಸು ಒಮ್ಮೆ ಮಿಸುಕಿ ನಿಲ್ಲುವುದು ಸಹಜ, ಒಂದು ಕಡೆ ಮಾತ್ರ ಹಾವಿನಂತೆ ತಿರುಚಿಕೊಂಡರೆ, ಒಂದು ಜಾಗ ಮಾತ್ರ ದಪ್ಪಗಾದರೆ ಅದು ಸಹಜವಲ್ಲ. ಟ್ರಿಗರ್ ಬಿಟ್ಟಾಗಲೂ ಮೋಟಾರು ಓಡುತ್ತಲೇ ಇರುವ ಯಂತ್ರಗಳಲ್ಲಿ ಪಂಪಿನೊಳಗೇ ಸುತ್ತುವ ನೀರು ಬೇಗ ಬಿಸಿಯಾಗುವುದರಿಂದ ಆ ಸ್ಥಿತಿಯಲ್ಲಿ ಒಂದೆರಡು ನಿಮಿಷಕ್ಕಿಂತ ಹೆಚ್ಚು ಬಿಡಬೇಡಿ.

ಟ್ರಿಗರ್ ಬಿಟ್ಟೊಡನೆ ಮೋಟಾರೂ ನಿಲ್ಲುವ ಯಂತ್ರಗಳಲ್ಲಿ ಇನ್ನೊಂದು ಪರೀಕ್ಷೆ ಸುಲಭ. ಟ್ರಿಗರ್ ಬಿಟ್ಟು ಹಾಗೆಯೇ ಕಾಯಿರಿ. ಯಾರೂ ಮುಟ್ಟದೆ ಮೋಟಾರು ಆಗಾಗ ತಾನಾಗಿ ಚಾಲೂ ಆಗಿ ಮತ್ತೆ ನಿಲ್ಲುತ್ತಿದ್ದರೆ ಎಲ್ಲೋ ಒತ್ತಡ ಇಳಿಯುತ್ತಿದೆ ಎಂದರ್ಥ. ರಟ್ಟು ಹಿಡಿದು ನೋಡಿದಾಗ ಹೋಸು ಮತ್ತು ಜೋಡಣೆಗಳು ಒಣಗಿಯೇ ಇದ್ದರೆ ತಪ್ಪು ಹೋಸಿನದ್ದಲ್ಲ. ಗನ್ನಿನ ವಾಲ್ವನ್ನೂ ಪಂಪಿನ ಒಳಗಿನ ವಾಲ್ವನ್ನೂ ಪರಿಶೀಲಿಸಬೇಕು. ಇಷ್ಟನ್ನು ನೋಡದೆ ಹೋಸನ್ನು ಬದಲಿಸಿ ದುಡ್ಡು ಕಳೆದುಕೊಂಡವರಿದ್ದಾರೆ.

ಬಳಿಕ ಮೋಟಾರು ನಿಲ್ಲಿಸಿ, ನಲ್ಲಿ ಮುಚ್ಚಿ, ಟ್ರಿಗರ್ ಒತ್ತಿ ಒಳಗಿನ ಒತ್ತಡವನ್ನು ಪೂರ್ತಿ ಇಳಿಸಿ. ಈ ಮೂರೂ ಆದ ಮೇಲೆಯೇ ಹೋಸನ್ನು ಮುಟ್ಟಬೇಕು. ಬಳೆಯ ಅಂಚಿನ ತೆಳುಗೆರೆ ಒಂದು ಮಿಲಿಮೀಟರಿನಷ್ಟಾದರೂ ಹೊರಗೆ ಸರಿದಿದ್ದರೆ ಹೋಸು ಬಳೆಯಿಂದ ಜಾರುತ್ತಿದೆ. ನೇರ ಗೆರೆ ಮುರಿದು ಪಕ್ಕಕ್ಕೆ ಹೊರಳಿದ್ದರೆ ಅದು ಒಳಗೆ ತಿರುಗುತ್ತಿದೆ. ಎರಡರಲ್ಲಿ ಯಾವುದು ಕಂಡರೂ ಅಂದೇ ಆ ಹೋಸಿನ ಬಳಕೆಯನ್ನು ನಿಲ್ಲಿಸಿ, ಏಕೆಂದರೆ ಒತ್ತಡದಲ್ಲಿ ಕಳಚಿಕೊಂಡ ತುದಿ ಚಾಟಿಯಂತೆ ಬೀಸುತ್ತದೆ. 1 ಮೀಟರಿನ ಗುರುತುಗಳ ಅಂತರವನ್ನೂ ಅಳೆಯಿರಿ. ಒತ್ತಡದಲ್ಲಿ ಹೋಸು ಶೇಕಡಾ ಒಂದೆರಡರಷ್ಟು ಹಿಗ್ಗುವುದು ಅಥವಾ ಕುಗ್ಗುವುದು ಬಲೆಯ ಹೆಣಿಗೆಯ ಗುಣ. ಒತ್ತಡ ಇಳಿದ ಮೇಲೂ ಮೊದಲಿನ ಅಳತೆಗೆ ಮರಳದಿದ್ದರೆ ಬಲೆ ಸಡಿಲವಾಗಿದೆ. ಕೊನೆಗೆ ಒಣ ಕಾಗದವನ್ನು ಬಳೆಯ ಅಂಚಿಗೆ ಸುತ್ತಿ ಬಿಚ್ಚಿ. ಅಲ್ಲಿಂದ ಜಿನುಗಿದ ಒಂದು ಹನಿಯೂ ಕಾಗದದ ಮೇಲೆ ಬರುತ್ತದೆ.

ಕೆಲಸದ ಒತ್ತಡಕ್ಕಿಂತ ಮೇಲೇರಿಸಿ ನೋಡುವ ಪರೀಕ್ಷೆಯನ್ನು ಮನೆಯಲ್ಲಿ ಮಾಡಬಾರದು. ಐಎಸ್ಒ 1402 ಎಂಬ ಅಂತರರಾಷ್ಟ್ರೀಯ ಮಾನಕ ವಿವರಿಸುವ ಜಲಒತ್ತಡ ಪರೀಕ್ಷೆಗಳು ಅದಕ್ಕೆಂದೇ ಇವೆ. ಅವುಗಳಿಗೆ ತಕ್ಕ ಪಂಪು ಮತ್ತು ರಕ್ಷಣೆಯ ಆವರಣ ಬೇಕು. ಯಂತ್ರದ ಅನ್‌ಲೋಡರ್ ತಿರುಪನ್ನು ಬಿಗಿಮಾಡಿ ಒತ್ತಡ ಏರಿಸುವ ಉಪಾಯವನ್ನು ಯಾರಾದರೂ ಹೇಳಿಕೊಟ್ಟರೆ ದಯವಿಟ್ಟು ಕೇಳಬೇಡಿ.

ನೀರು ತುದಿಗೆ ಎಷ್ಟು ಬಲದಲ್ಲಿ ತಲುಪುತ್ತದೆ?

ಹೋಸು ಸೋರದಿದ್ದರೆ ಸುರಕ್ಷಿತ. ಒಳ್ಳೆಯದೋ ಅಲ್ಲವೋ ಎಂಬುದು ಬೇರೆಯೇ ಪ್ರಶ್ನೆ. ಮೊದಲು ಬಕೆಟ್ಟಿನಿಂದ ಹರಿವನ್ನು ಅಳೆಯಿರಿ. ನಾಝಲ್ ಹಾಕಿಕೊಂಡೇ, ಅಗಲವಾಗಿ ಚೆಲ್ಲುವ ಬಗೆಯಲ್ಲಿ ನಿಧಾನವಾಗಿ ತುಂಬಿಸಿದಾಗ 10 ಲೀಟರಿಗೆ 75 ಸೆಕೆಂಡು ಹಿಡಿದರೆ ಹರಿವು ನಿಮಿಷಕ್ಕೆ 8 ಲೀಟರ್. ಈಗ ಗೇಜನ್ನು ಒಮ್ಮೆ ಪಂಪಿನ ಬಾಯಲ್ಲಿ, ಇನ್ನೊಮ್ಮೆ ಗನ್ನಿನ ಮುಂಚೆ ಜೋಡಿಸಿ, ಎರಡೂ ಸಲ ಟ್ರಿಗರ್ ಒತ್ತಿಹಿಡಿದು ನೀರು ಹರಿಯುತ್ತಿರುವಾಗಲೇ ಓದಿ. ನೀರು ನಿಂತಿರುವಾಗ ಎರಡೂ ಕಡೆ ಒಂದೇ ಸಂಖ್ಯೆ ಬರುತ್ತದೆ, ಅದರಿಂದ ಪ್ರಯೋಜನವಿಲ್ಲ. ಎರಡರ ವ್ಯತ್ಯಾಸವೇ ಹೋಸು ತಿಂದ ಒತ್ತಡ.

ಇಲ್ಲಿ ಒಳವ್ಯಾಸದ ಮಹಿಮೆ ದೊಡ್ಡದು. ನುಣುಪು ಕೊಳವೆಗೆ ಲೆಕ್ಕ ಹಾಕಿದರೆ, ಕಾಲು ಇಂಚು, ಅಂದರೆ 6.35 ಮಿಲಿಮೀಟರ್ ಒಳವ್ಯಾಸದ 10 ಮೀಟರ್ ಹೋಸಿನಲ್ಲಿ ನಿಮಿಷಕ್ಕೆ 8 ಲೀಟರ್ ಹರಿದಾಗ ಸುಮಾರು 3.5 ಬಾರ್ ನಷ್ಟವಾಗುತ್ತದೆ. 130 ಬಾರಿನ ಯಂತ್ರಕ್ಕೆ ಅದು ಲೆಕ್ಕಕ್ಕಿಲ್ಲ. ಅದೇ ಹೋಸಿನಲ್ಲಿ 15 ಲೀಟರ್ ಹರಿಸಿದರೆ ನಷ್ಟ 10 ಬಾರಿಗೆ ಏರುತ್ತದೆ, 30 ಮೀಟರ್ ಉದ್ದವಾದರೆ 30 ಬಾರಿಗೆ. ಆ 15 ಲೀಟರನ್ನೇ ಮೂರು ಎಂಟಾಂಶ ಇಂಚಿನ, ಅಂದರೆ 9.5 ಮಿಲಿಮೀಟರಿನ ಹೋಸಿನಲ್ಲಿ ಕಳಿಸಿದರೆ 10 ಮೀಟರಿಗೆ ಒಂದೂವರೆ ಬಾರ್ ಮಾತ್ರ. ಕಪ್ಲಿಂಗ್‌ಗಳು ಇದಕ್ಕೆ ಇನ್ನಷ್ಟು ಸೇರಿಸುತ್ತವೆ. ನಿಮ್ಮ ಅಳತೆ ಈ ಲೆಕ್ಕಕ್ಕಿಂತ ಬಹಳ ಹೆಚ್ಚಿದ್ದರೆ ಒಳಕೊಳವೆ ಎಲ್ಲೋ ಊದಿ ದಾರಿ ಕಟ್ಟಿದೆ ಅಥವಾ ಕಪ್ಲಿಂಗಿನ ರಂಧ್ರ ಕಿರಿದಾಗಿದೆ. ಚಿಕ್ಕ ಯಂತ್ರಕ್ಕೆ ದಪ್ಪ ಹೋಸು ಹಾಕಿ ಭಾರ ಹೊರುವುದೂ, ದೊಡ್ಡ ಯಂತ್ರಕ್ಕೆ ಸಣ್ಣ ಹೋಸು ಹಾಕಿ ಬಲ ಕಳೆಯುವುದೂ ಎರಡೂ ತಪ್ಪು.

ಕೈಯಲ್ಲಿನ ನಡವಳಿಕೆ

ಉಳಿದದ್ದು ಬಳಕೆಯ ಸುಖ. ಸುರುಳಿಯಿಂದ ಬಿಚ್ಚಿದ ಹೋಸು ನೆಲದ ಮೇಲೆ ನೇರವಾಗಿ ಮಲಗುತ್ತದೆಯೋ, ಸುರುಳಿಯ ನೆನಪು ಉಳಿಸಿಕೊಂಡು ಕಾಲಿಗೆ ತೊಡರುತ್ತದೆಯೋ ನೋಡಿ. ಪಿವಿಸಿ ಹೋಸುಗಳು ಹಗುರ, ಆದರೆ ಚಳಿಯಲ್ಲಿ ಬಿರುಸಾಗುತ್ತವೆ. ರಬ್ಬರಿನವು ಭಾರ, ಆದರೆ ಮೆತ್ತಗೆ ಉಳಿಯುತ್ತವೆ. ಬಿಸಿನೀರಿನ ಯಂತ್ರಕ್ಕೆ ಬಿಸಿನೀರಿಗೆಂದೇ ಗುರುತು ಹಾಕಿದ ಹೋಸು ಬಿಟ್ಟರೆ ಬೇರೆ ಯಾವುದೂ ಸಲ್ಲದು. ಗನ್ ಕಡೆ ತಿರುಗುವ ಸ್ವಿವೆಲ್ ಇದ್ದರೆ ಮಣಿಕಟ್ಟಿಗೆ ಮಾತ್ರವಲ್ಲ, ಮೇಲೆ ಹೇಳಿದ ಆ ಒಂದು ಗೇಣಿಗೂ ವಿಶ್ರಾಂತಿ ಸಿಗುತ್ತದೆ. ಹೋಸಿನ ಬೆಲೆಯಲ್ಲಿ ಸ್ವಲ್ಪ ಹೆಚ್ಚು ಕೊಡಬಹುದಾದ ಸಂಗತಿ ಇದೊಂದೇ ಎಂದು ನಾನು ಭಾವಿಸುತ್ತೇನೆ.

ತೀರ್ಮಾನ ಮತ್ತು ಆಮೇಲೆ

ಬಲೆ ಕಾಣುವ ಗಾಯ, ಗುಳ್ಳೆ, ಮಾಸದ ಮಡಿಕೆ, ಬಳೆಯಲ್ಲಿ ಜಾರಿದ ಗೆರೆ, ಮೈಯಿಂದ ಜಿನುಗುವ ನೀರು ಇವುಗಳಲ್ಲಿ ಒಂದು ಕಂಡರೂ ಹೋಸನ್ನು ತಿರಸ್ಕರಿಸಬೇಕು. ಟೇಪು ಸುತ್ತುವುದು, ಕ್ಲಿಪ್ಪು ಬಿಗಿಯುವುದು ತೋಟದ ಪೈಪಿಗೆ ಸರಿ, ಇದಕ್ಕಲ್ಲ. ಗಾಯ ತುದಿಯ ಬಳಿಯಿದ್ದು ಉಳಿದ ಭಾಗ ಚೆನ್ನಾಗಿದ್ದರೆ, ಹೈಡ್ರಾಲಿಕ್ ಹೋಸಿನ ಕೆಲಸ ಬಲ್ಲವರಲ್ಲಿ ಆ ತುಂಡನ್ನು ಕತ್ತರಿಸಿ ಸರಿಯಾದ ಅಚ್ಚಿನಿಂದ ಹೊಸ ಬಳೆ ಹಾಕಿಸಬಹುದು. ಹಾಕಿಸಿದ ಮೇಲೆ ಗೆರೆ ಎಳೆಯುವಲ್ಲಿಂದ ಮತ್ತೆ ಎಲ್ಲ ಪರೀಕ್ಷೆ ಮಾಡಬೇಕು. ಪಾಸಾದ ಹೋಸಿನ ತುದಿಗೆ ದಿನಾಂಕದ ಚೀಟಿ ಕಟ್ಟಿ, ಬಿಳಿ ಗೆರೆಗಳನ್ನು ಅಳಿಸದೆ ಬಿಡಿ. ಪ್ರತಿ ಬಳಕೆಗೆ ಮುನ್ನ ಆ ಗೆರೆಗಳತ್ತ ಒಮ್ಮೆ ಕಣ್ಣು ಹಾಯಿಸಲು ಐದು ಸೆಕೆಂಡು ಸಾಕು, ಪೂರ್ಣ ಪರೀಕ್ಷೆ ಆರು ತಿಂಗಳಿಗೊಮ್ಮೆ ನಡೆದರೆ ಸಾಕು. ಬಳಸಿದ ಮೇಲೆ ನೀರು ಬಸಿದು, ಅಗಲವಾದ ಸುರುಳಿ ಮಾಡಿ, ಬಿಸಿಲು ಬೀಳದ ಕಡೆ ತೂಗುಹಾಕಿ.

ತಿರಸ್ಕರಿಸಿದ ಹೋಸನ್ನು ಮೂಲೆಯಲ್ಲಿ ಇಡಬೇಡಿ. ಅದರ ಎರಡೂ ತುದಿಗಳ ಕಪ್ಲಿಂಗ್‌ಗಳನ್ನು ಕತ್ತರಿಸಿ ತೆಗೆದು, ಮೈಯನ್ನು ಎರಡು ಮೂರು ತುಂಡು ಮಾಡಿದ ಮೇಲೆಯೇ ಎಸೆಯಿರಿ. ಇಡಿಯಾಗಿ ಬಿಟ್ಟ ಹೋಸನ್ನು ಅದರ ಕಥೆ ತಿಳಿಯದ ಇನ್ನೊಬ್ಬರು ಎತ್ತಿಕೊಂಡು ಯಂತ್ರಕ್ಕೆ ಜೋಡಿಸಿಯಾರು.